ಕಳಿಸಿದ್ದು ಹೋಗದೇ ಇರತೈತೇನು? ಇಮೇಲ್ ಅಟ್ಯಾಚ್‌ಮೆಂಟ್‌ನ ಹಳೇ ಕಥೆ

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ನರಗುಂದ, ರೋಣ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಗಳಿಗೆ ನುಗ್ಗಿತ್ತು. ನಾವಿಬ್ಬರು ಸ್ಟ್ರಿಂಗರ್‌ಗಳು ಟ್ರ್ಯಾಕ್ಟರ್ ಹತ್ತಿ ಒಂದು ಊರಿನ ಅಂಚಿನವರೆಗೆ ಹೋಗಿ, ಮಾಳಿಗೆ ಮೇಲೆ ಕುಳಿತಿದ್ದ ಜನರ ಫೋಟೊ ತೆಗೆದುಕೊಂಡು ಸಂಜೆ ತಾಲ್ಲೂಕು ಕೇಂದ್ರಕ್ಕೆ ಬಂದೆವು. ಪರಿಚಯದವರ ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರ್‌ಗೆ ಕ್ಯಾಮೆರಾ ಜೋಡಿಸಿ ನಾಲ್ಕು ಫೋಟೊ ಆರಿಸಿದೆವು. ನಾಲ್ಕೂ ಸೇರಿ 14 ಎಂ.ಬಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿರುತ್ತೆ, ಮುಖಪುಟಕ್ಕೆ ಮುದ್ರಿಸಲು ಆಗಲ್ಲ, ಮೂಲ ಫೋಟೊನೇ ಮೇಲ್ ಮಾಡಿ ಅಂತ ಡೆಸ್ಕ್‌ನವರು ಮೊದಲೇ ಹೇಳಿದ್ದರು.

ಅಂಗಡಿಯ ಮೇಲ್ ತಂತ್ರಾಂಶದಲ್ಲಿ ಫೋಟೊ ಲಗತ್ತಿಸಿ 'ಸೆಂಡ್' ಒತ್ತಿದೆವು. ಹಸಿರು ಪಟ್ಟಿ ಅರ್ಧ ದಾಟಿತು, ಮುಕ್ಕಾಲಿಗೆ ಬಂತು, ನಿಂತಿತು. ಡಾಂಗಲ್‌ನ ಸಿಗ್ನಲ್ ಹೋಗಿತ್ತು. ಮತ್ತೆ ಒತ್ತಿದೆವು. ಮತ್ತೆ ಮೊದಲಿನಿಂದ ಶುರು, ಮತ್ತೆ ಮುಕ್ಕಾಲಿಗೆ ನಿಂತಿತು. ಹೀಗೆ ಐದು ಸಲ. ಅಷ್ಟರಲ್ಲಿ ಇನ್ವರ್ಟರ್ ಬ್ಯಾಟರಿ ಮುಗಿಯಿತು, ಡೆಸ್ಕ್‌ನಲ್ಲಿ ಪುಟವೂ ಮುಗಿಯಿತು.

ಮರುದಿನ ಪತ್ರಿಕೆಯಲ್ಲಿ ಬೇರೆ ಊರಿನ ಫೋಟೊ ಬಂತು. ಫೋಟೊ ಬಂದ ಊರಿಗೆ ಅಂದೇ ಸಂಜೆ ದಾನಿಗಳ ಎರಡು ಲಾರಿ ಬಂದವು, ಅಕ್ಕಿ, ಹೊದಿಕೆ, ಹಾಲಿನ ಪುಡಿ. ನಮ್ಮ ಫೋಟೊದ ಊರಿಗೆ ಲಾರಿ ಬಂದದ್ದು ಮೂರನೇ ದಿನ. ಅದಕ್ಕೆ ಫೋಟೊ ಒಂದೇ ಕಾರಣ ಅಂತ ಹೇಳಲಾರೆವು. ಆದರೆ ಗಂಜಿ ಕೇಂದ್ರದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಕೇಳಿಯೇ ಬಿಟ್ಟರು: "ಯಪ್ಪಾ, ನಮ್ಮೂರ ಫೋಟೊ ಪೇಪರ್‌ನ್ಯಾಗ ಬರಲಿಲ್ಲಲ್ಲ?"

"ಕಳಿಸಿದ್ವಿ ಆಯಿ, ಹೋಗಲಿಲ್ಲ."

"ಕಳಿಸಿದ್ದು ಹೋಗದೇ ಇರತೈತೇನು?"

ಆ ಪ್ರಶ್ನೆಗೆ ಅಂದು ನಮ್ಮ ಬಳಿ ಉತ್ತರ ಇರಲಿಲ್ಲ. ನೆಟ್ ಸರಿಯಿಲ್ಲ ಅಂದೆವು, ಅಷ್ಟೇ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ತಪ್ಪು ಡಾಂಗಲ್‌ನದ್ದು ಮಾತ್ರ ಅಲ್ಲ. ಇಮೇಲ್ ಹುಟ್ಟಿದ್ದು ಕಾಗದ ಬರೆಯಲು. ಫೋಟೊ, ಪಿ.ಡಿ.ಎಫ್., ಹಾಡು, ಇವೆಲ್ಲ ಆಮೇಲೆ ಅದರೊಳಗೆ ತೂರಿಸಿದ್ದು. ಅಂಚೆ ಡಬ್ಬಿಯ ಸೀಳಿನಲ್ಲಿ ತೆಂಗಿನಕಾಯಿ ತೂರಿಸಿದ ಹಾಗೆ. ಇವತ್ತಿಗೂ ಅಟ್ಯಾಚ್‌ಮೆಂಟ್ ಹೋಗದೆ ನಿಂತಾಗ ಅದು ನಿಲ್ಲುವುದು ಬಹುಪಾಲು ಆ ಹಳೆಯ ಸೀಳಿನಲ್ಲೇ.

ಮೊದಲಿನಿಂದ ಹೇಳುತ್ತೇವೆ.

1971ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ ಊರಿನ ಒಂದು ಕಂಪನಿಯಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಇದ್ದರು. ಒಂದೇ ಕಂಪ್ಯೂಟರ್ ಬಳಸುವ ಹಲವರು ಒಬ್ಬರಿಗೊಬ್ಬರು ಚೀಟಿ ಬಿಡುವ ಪ್ರೋಗ್ರಾಂ ಆಗಲೇ ಇತ್ತು. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ಕಳಿಸುವ ಇನ್ನೊಂದು ಪ್ರೋಗ್ರಾಂ ಪ್ರಯೋಗದಲ್ಲಿತ್ತು. ಟಾಮ್ಲಿನ್ಸನ್ ಎರಡನ್ನೂ ಸೇರಿಸಿದರು. ಪಕ್ಕಪಕ್ಕದಲ್ಲೇ ಇದ್ದ ಎರಡು ಯಂತ್ರಗಳ ನಡುವೆ ಮೊದಲ ಇಮೇಲ್ ಹೋಯಿತು. ಹೆಸರು ಒಂದು ಕಡೆ, ಯಂತ್ರ ಇನ್ನೊಂದು ಕಡೆ, ನಡುವೆ ಇರಲಿ ಅಂತ ಅವರು ಇಟ್ಟ ಗುರುತೇ ಇವತ್ತಿನ 'ಅಟ್'. ಮೊದಲ ಸಂದೇಶದಲ್ಲಿ ಏನಿತ್ತು ಅಂತ ಕೇಳಿದರೆ, ನೆನಪಿಲ್ಲ ಅನ್ನುತ್ತಿದ್ದರು ಅವರು.

ಗಮನಿಸಿ, ಫೈಲ್ ಕಳಿಸುವ ಪ್ರೋಗ್ರಾಂನ ಹೊಟ್ಟೆಯಿಂದಲೇ ಇಮೇಲ್ ಹುಟ್ಟಿದ್ದು. ಆದರೂ ಫೈಲ್ ಹೊರಲು ಅದಕ್ಕೆ ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನುವುದಕ್ಕೆ 1982ಕ್ಕೆ ಬರಬೇಕು. ಆ ವರ್ಷದ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಎಂಬವರು ಇಮೇಲ್ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕು ಅನ್ನುವ ನಿಯಮ ಬರೆದರು. ಹೆಸರು ಎಸ್.ಎಂ.ಟಿ.ಪಿ. ನೀವು ಮೇಲ್ ತಂತ್ರಾಂಶದ ಸೆಟ್ಟಿಂಗ್ಸ್ ತೆರೆದರೆ ಈಗಲೂ 'ಎಸ್.ಎಂ.ಟಿ.ಪಿ. ಸರ್ವರ್' ಅಂತ ಒಂದು ಖಾನೆ ಕಾಣುತ್ತೆ, ಅದೇ ಇದು. ಆ ನಿಯಮದ ಪ್ರಕಾರ ಮೇಲ್‌ನಲ್ಲಿ ಹೋಗಬೇಕಾದದ್ದು 7 ಬಿಟ್‌ನ ಅಕ್ಷರ ಮಾತ್ರ. ಅಂದರೆ ಒಟ್ಟು 128 ಗುರುತು: ಇಂಗ್ಲಿಷ್ ಅಕ್ಷರ, ಅಂಕಿ, ಪೂರ್ಣವಿರಾಮ, ಪ್ರಶ್ನಾರ್ಥಕ, ಇಂಥವು. ಒಂದು ಸಾಲು 1000 ಅಕ್ಷರ ಮೀರಬಾರದು.

ಫೋಟೊ ಫೈಲ್ ಹಾಗಲ್ಲ. ಅದು 8 ಬಿಟ್‌ನ ತುಣುಕುಗಳ ರಾಶಿ. ಅದನ್ನು ಹಾಗೇ ಬಿಟ್ಟರೆ ದಾರಿಯಲ್ಲಿ ಯಾವುದಾದರೂ ಸರ್ವರ್ ಎಂಟನೇ ಬಿಟ್ ಕತ್ತರಿಸಿ ಎಸೆಯುತ್ತಿತ್ತು. ಆ ಕಡೆ ತಲುಪುವ ಹೊತ್ತಿಗೆ ಅದು ಫೋಟೊ ಆಗಿ ಉಳಿಯುತ್ತಿರಲಿಲ್ಲ.

ಇದಕ್ಕೊಂದು ಉಪಾಯವನ್ನು 1980ರಲ್ಲೇ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೇರಿ ಆ್ಯನ್ ಹಾರ್ಟನ್ ಹುಡುಕಿದ್ದರು. ಫೈಲ್‌ ಅನ್ನು ಪೂರ್ತಿ ಮಾಮೂಲಿ ಅಕ್ಷರಗಳಾಗಿ ಬದಲಿಸಿ ಕಾಗದದ ವೇಷ ಹಾಕಿಸುವುದು, ಆ ಕಡೆಯವರು ವೇಷ ಕಳಚಿ ಫೈಲ್ ತೆಗೆಯುವುದು. ಯೂಯೂಎನ್‌ಕೋಡ್ ಅಂತ ಅದರ ಹೆಸರು. ಕೆಲಸ ನಡೆಯುತ್ತಿತ್ತು, ಆದರೆ ಕೈಕೆಲಸ ಬಹಳ. ದೊಡ್ಡ ಫೈಲ್ ಆದರೆ ಏಳೆಂಟು ತುಂಡು ಮಾಡಿ ಏಳೆಂಟು ಮೇಲ್‌ನಲ್ಲಿ ಕಳಿಸಬೇಕಿತ್ತು. ಪಡೆದವರು ಎಲ್ಲವನ್ನೂ ಕ್ರಮವಾಗಿ ಹೊಲಿದು ಒಂದು ಮಾಡಬೇಕಿತ್ತು. ನಾಲ್ಕನೇ ತುಂಡು ಬರದಿದ್ದರೆ ಇಡೀ ಫೈಲ್ ನೀರಿಗೆ.

ಕೊನೆಗೆ 1992ರಲ್ಲಿ ಬೆಲ್‌ಕೋರ್ ಸಂಸ್ಥೆಯ ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ಇನ್ನೋಸಾಫ್ಟ್‌ನ ನೆಡ್ ಫ್ರೀಡ್ ಸೇರಿ ಇದಕ್ಕೊಂದು ಶಿಸ್ತು ತಂದರು. ಆ ಶಿಸ್ತಿನ ಹೆಸರು ಮೈಮ್. ಒಂದು ಮೇಲ್‌ನೊಳಗೆ ಹಲವು ಭಾಗ ಇರಬಹುದು. ಇದು ಬರಹ, ಇದು ಚಿತ್ರ, ಇದು ಧ್ವನಿ ಅಂತ ಪ್ರತಿ ಭಾಗಕ್ಕೂ ಚೀಟಿ ಅಂಟಿಸಬೇಕು ಅನ್ನುವುದು ಅದರ ಸಾರ. 1992ರ ಮಾರ್ಚ್ 11ರಂದು ಬೋರೆನ್‌ಸ್ಟೀನ್ ಆ ರೀತಿಯ ಮೊದಲ ಮೇಲ್ ಕಳಿಸಿದರು. ಅದರಲ್ಲಿದ್ದದ್ದು ಅವರೇ ಹಾಡುತ್ತಿದ್ದ ನಾಲ್ವರ ತಂಡದ ಒಂದು ಫೋಟೊ ಮತ್ತು ಅವರ ಹಾಡು. ಇಮೇಲ್‌ನಲ್ಲಿ ಚಿತ್ರ ಯಾರಿಗೆ ಬೇಕು ಅಂತ ಆಗ ಅವರನ್ನು ಕೇಳಿದವರಿದ್ದರಂತೆ. ಮುಂದೊಂದು ದಿನ ಮೊಮ್ಮಕ್ಕಳು ಹುಟ್ಟುತ್ತಾರೆ, ಅವರ ಫೋಟೊ ನನಗೆ ಮೇಲ್‌ನಲ್ಲಿ ಬರಬೇಕು ಅಂತ ಅವರ ಉತ್ತರ. ಆ ಉತ್ತರ ನಮಗೆ ಇಷ್ಟ.

ಆದರೆ ಇಲ್ಲೊಂದು ರಾಜಿ ಆಯಿತು. ಅಷ್ಟರಲ್ಲಿ ಜಗತ್ತಿನ ತುಂಬ ಹಳೇ ನಿಯಮದ ಸರ್ವರ್‌ಗಳಿದ್ದವು. ಅವನ್ನೆಲ್ಲ ಬದಲಿಸಿ ಅನ್ನಲು ಆಗುತ್ತಿರಲಿಲ್ಲ. ಹಾಗಾಗಿ ಫೈಲ್‌ ಅನ್ನೇ ಕಾಗದದ ವೇಷದಲ್ಲಿ ಕಳಿಸುವ ಹಳೇ ಉಪಾಯವನ್ನು ಇನ್ನಷ್ಟು ಗಟ್ಟಿ ಮಾಡಿದರು. ಇದಕ್ಕೆ ಬೇಸ್ 64 ಅನ್ನುತ್ತಾರೆ. ಎ ಯಿಂದ ಜೆಡ್‌ವರೆಗಿನ ದೊಡ್ಡ ಮತ್ತು ಚಿಕ್ಕ ಅಕ್ಷರ, ಹತ್ತು ಅಂಕಿ, ಎರಡು ಚಿಹ್ನೆ, ಒಟ್ಟು 64 ಗುರುತು. ಫೈಲ್‌ನ ಪ್ರತಿ ಮೂರು ಬೈಟ್ ನಾಲ್ಕು ಅಕ್ಷರ ಆಗುತ್ತೆ. ಮೂರು ದೊಡ್ಡ ಚೀಲದ ಕಾಳನ್ನು ನಾಲ್ಕು ಸಣ್ಣ ಚೀಲಕ್ಕೆ ತುಂಬಿದ ಹಾಗೆ. ಕಾಳು ಅಷ್ಟೇ, ಆದರೆ ಲಾರಿಯವನು ಬಾಡಿಗೆ ಕೇಳುವುದು ಚೀಲದ ಲೆಕ್ಕದಲ್ಲಿ.

ಅಂದರೆ ನೀವು ಲಗತ್ತಿಸಿದ ಫೈಲ್ ಹೊರಡುವಾಗ ಮೂರನೇ ಒಂದು ಭಾಗ ಊದಿಕೊಳ್ಳುತ್ತೆ. ಸಾಲು ಮುರಿಯುವ ಗುರುತುಗಳೂ ಸೇರಿದರೆ ಶೇ 37ರ ಹತ್ತಿರ. ನಮ್ಮ 14 ಎಂ.ಬಿ. ಫೋಟೊ ಆ ರಾತ್ರಿ 19 ಎಂ.ಬಿ. ಆಗಿ ಹೊರಟಿತ್ತು. ನಮಗೆ ಗೊತ್ತೇ ಇರಲಿಲ್ಲ.

ಮೊನ್ನೆ ಮೊನ್ನೆ ನಮ್ಮ ಓದುಗರೊಬ್ಬರು ಕೇಳಿದ್ದು ಇದನ್ನೇ. ಮಗಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲ ಸ್ಕ್ಯಾನ್ ಮಾಡಿದ ಪಿ.ಡಿ.ಎಫ್. 8 ಎಂ.ಬಿ. ಇದೆ, ಮಿತಿ 10 ಎಂ.ಬಿ. ಅಂತಾರೆ, ಆದರೂ ಹೋಗಲ್ಲ, ಯಾಕೆ? ಯಾಕೆಂದರೆ ಅದು ದಾರಿಗಿಳಿಯುವಾಗ 8 ಅಲ್ಲ, ಹತ್ತಿರ ಹತ್ತಿರ 11. ಕಚೇರಿಗಳ ಸರ್ವರ್‌ನಲ್ಲಿ 10 ಎಂ.ಬಿ. ಮಿತಿ ಸಾಮಾನ್ಯ. ಕೆಲವು ಸರ್ವರ್‌ಗಳು ಲೆಕ್ಕ ಹಾಕುವುದು ಊದಿದ ಮೇಲಿನ ತೂಕವನ್ನು. ಹಾಗಾಗಿ ಮಿತಿ ಎಷ್ಟು ಅಂತಾರೋ ಅದರ ಮುಕ್ಕಾಲಿಗಿಂತ ಒಂದಿಷ್ಟು ಕಡಿಮೆ ಇಟ್ಟುಕೊಳ್ಳಿ. 10 ಅಂದರೆ 7.

ಇನ್ನು ನಿಂತಲ್ಲಿಂದ ಮುಂದುವರಿಯದ ಸಮಸ್ಯೆ. ನಿಮ್ಮ ಮೊಬೈಲ್‌ನಲ್ಲಿ ಸಿನಿಮಾ ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಎಷ್ಟೋ ಸಲ ನೆಟ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತೆ. ಮೇಲ್ ಹಾಗಲ್ಲ. 18 ಎಂ.ಬಿ. ಹೋಗಿ ಕೊನೆಯ ಒಂದು ಎಂ.ಬಿ.ಗೆ ಸಿಗ್ನಲ್ ಹೋದರೆ ಆ ಸರ್ವರ್ ಎಲ್ಲವನ್ನೂ ಚೆಲ್ಲಿಬಿಡುತ್ತೆ. ಕಾಗದ ಪೂರ್ತಿ ಬರದೆ ಕಾಗದವೇ ಅಲ್ಲ ಅನ್ನುವುದು 1982ರ ನಿಯಮ. ಸಣ್ಣ ಕಾಗದಗಳ ಕಾಲಕ್ಕೆ ಅದು ಸರಿಯಾಗೇ ಇತ್ತು. ನಿಂತಲ್ಲಿಂದ ಮುಂದುವರಿಸುವ ಒಂದು ವಿಧಾನವನ್ನು 1995ರಲ್ಲಿ ಪ್ರಯೋಗ ಅಂತ ಬರೆದಿಟ್ಟರು. ಬರೆದವರಲ್ಲಿ ಅದೇ ನೆಡ್ ಫ್ರೀಡ್ ಕೂಡ ಇದ್ದರು. ಅದು ವ್ಯಾಪಕವಾಗಿ ಬಳಕೆಗೆ ಬರಲೇ ಇಲ್ಲ. ದೊಡ್ಡ ಊರುಗಳಲ್ಲಿ ನೆಟ್ ವೇಗ ಹೆಚ್ಚುತ್ತಾ ಹೋಯಿತು, ಅದರ ಅಗತ್ಯ ಅಲ್ಲಿಯವರಿಗೆ ಕಾಣಲಿಲ್ಲ ಅಂತ ನಮ್ಮ ಅನಿಸಿಕೆ. ನಮ್ಮ ಹೊಳೆಸಾಲಿನಲ್ಲಿ ಕೂತು ನೋಡಿದರೆ ಬೇರೆಯೇ ಕಾಣುತ್ತೆ.

ವೇಗದ ಲೆಕ್ಕವನ್ನೂ ಸ್ವಲ್ಪ ನೋಡಿ. 2004ರ ಭಾರತದ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಅದೂ ನಮ್ಮ ಕಡೆಗೆ ಬರುವ ವೇಗ. ನಾವು ಕಳಿಸುವ ವೇಗ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಪೂರ್ತಿ 256 ಸಿಕ್ಕಿತು ಅಂದುಕೊಂಡರೂ 19 ಎಂ.ಬಿ. ಹೋಗಲು ಹತ್ತು ನಿಮಿಷ ಬೇಕು. ಹತ್ತು ನಿಮಿಷ ಒಂದು ಸಲವೂ ಕಡಿಯದ ಸಿಗ್ನಲ್ ಮಳೆಗಾಲದ ರಾತ್ರಿಯಲ್ಲಿ ಎಲ್ಲಿಂದ ತರುವುದು?

ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಇನ್ನೊಂದು ಗುಣ ಇದೆ. ಸರ್ವರ್ ಇಷ್ಟು ಹೊತ್ತು ಉತ್ತರಿಸದಿದ್ದರೆ ಕೈಬಿಡು ಅನ್ನುವ ಗಡುವು ಅದರಲ್ಲಿರುತ್ತೆ. ಔಟ್‌ಲುಕ್‌ನಂಥವುಗಳಲ್ಲಿ ಅದು ಮಾಮೂಲಿಯಾಗಿ ಒಂದು ನಿಮಿಷ. ಖಾತೆಯ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ 'ಸರ್ವರ್ ಟೈಮ್‌ಔಟ್' ಅಂತ ಕಂಡರೆ ಐದು ನಿಮಿಷಕ್ಕೆ ಏರಿಸಿ. ಹೊರಹೋಗುವ ಪ್ರತಿ ಮೇಲನ್ನೂ ಆ್ಯಂಟಿವೈರಸ್ ಹಿಡಿದು ತಪಾಸಣೆ ಮಾಡುವಾಗಲೂ ಈ ಗಡುವು ಮೀರುವುದುಂಟು.

ಆ್ಯಂಟಿವೈರಸ್ ಅಂದಾಗ 2000ದ ಮೇ 4 ನೆನಪಾಗಬೇಕು. ಅಂದು ಫಿಲಿಪ್ಪೀನ್ಸ್‌ನಿಂದ ಹೊರಟ ಒಂದು ಮೇಲ್ ಜಗತ್ತನ್ನು ಸುತ್ತಿತು. ವಿಷಯದ ಸಾಲಿನಲ್ಲಿ 'ಐ ಲವ್ ಯು', ಕೆಳಗೆ ಪ್ರೇಮಪತ್ರದ ಹೆಸರಿನ ಅಟ್ಯಾಚ್‌ಮೆಂಟ್. ನೋಡಲು ಬರಹದ ಫೈಲ್, ನಿಜದಲ್ಲಿ ಪ್ರೋಗ್ರಾಂ. ಹೆಸರಿನ ಕೊನೆಯ ಮೂರು ಅಕ್ಷರ ವಿಂಡೋಸ್‌ನಲ್ಲಿ ಮರೆಯಾಗಿರುತ್ತಿದ್ದರಿಂದ ಜನ ಮೋಸಹೋದರು. ತೆರೆದವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದು ತಾನೇ ಹೋಗುತ್ತಿತ್ತು. ಅದರ ಹಿಂದಿನ ವರ್ಷ, 1999ರ ಮಾರ್ಚ್‌ನಲ್ಲಿ, ಮೆಲಿಸ್ಸಾ ಎಂಬ ವೈರಸ್ ವರ್ಡ್ ಫೈಲ್‌ನೊಳಗೆ ಕೂತು ಇದೇ ಆಟ ಆಡಿತ್ತು. ಪ್ರೇಮಪತ್ರದ ಪೆಟ್ಟು ಬಿದ್ದ ಮೇಲೆ ಮೈಕ್ರೋಸಾಫ್ಟ್ ಅದೇ ವರ್ಷ ಔಟ್‌ಲುಕ್‌ಗೆ ಬೇಲಿ ಹಾಕಿತು. ಇ.ಎಕ್ಸ್.ಇ. ಮುಂತಾದ ಪ್ರೋಗ್ರಾಂ ಫೈಲ್‌ಗಳನ್ನು ಅದು ತೆರೆಯಲು ಬಿಡುವುದಿಲ್ಲ. ಜಿಮೇಲ್ ಇಂಥ ಫೈಲನ್ನು ಜಿಪ್ ಗಂಟಿನೊಳಗಿದ್ದರೂ ಹಿಡಿಯುತ್ತೆ. ಆದ್ದರಿಂದ ಫೈಲ್ ಎಷ್ಟೇ ಚಿಕ್ಕದಿದ್ದರೂ ತಕ್ಷಣ ವಾಪಸ್ ಬಂದರೆ, ತೂಕ ಅಲ್ಲ, ಜಾತಿ ನೋಡಿ. ಫಾಂಟ್ ಜೊತೆಗೆ ಅದನ್ನು ಇನ್‌ಸ್ಟಾಲ್ ಮಾಡುವ ಫೈಲನ್ನೂ ಕಳಿಸಲು ಹೋಗಿ ನಾವೇ ಸಿಕ್ಕಿಬಿದ್ದದ್ದುಂಟು.

ಫಾಂಟ್ ವಿಷಯಕ್ಕೆ ಬಂದೆವಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಕನ್ನಡದ ವರದಿಗಾರರಿಗೆ ಅಟ್ಯಾಚ್‌ಮೆಂಟ್ ಅಂದರೆ ಫೋಟೊ ಮಾತ್ರ ಆಗಿರಲಿಲ್ಲ. ಸುದ್ದಿಯೂ ಅಟ್ಯಾಚ್‌ಮೆಂಟೇ ಆಗಿತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ, ಕಂಪ್ಯೂಟರ್‌ನ ಲೆಕ್ಕಕ್ಕೆ ಕನ್ನಡ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ಬಟ್ಟೆ ತೊಡಿಸಿದ್ದು. ಅದನ್ನು ಮೇಲ್‌ನ ಒಡಲಿಗೆ ಅಂಟಿಸಿ ಕಳಿಸಿದರೆ ಆ ಕಡೆ ಬಟ್ಟೆ ಕಳಚಿ ಹೋಗುತ್ತಿತ್ತು. 'ಕನ್ನಡ' ಎಂಬ ಪದವೇ ಒಂದು ಪಿ, ತಲೆ ಮೇಲೆ ಗೀರು ಹೊತ್ತ ಒಂದು ಎ, ಪೌಂಡ್ ಹಣದ ಗುರುತು, ಮತ್ತೊಂದು ಗೀರಿನ ಎ, ಹೀಗೆ ಕಾಣುತ್ತಿತ್ತು. ಹಳಬರಾದ ಉಪಸಂಪಾದಕರು ಕೆಲವರು ಅದನ್ನೂ ಓದಿಬಿಡುತ್ತಿದ್ದರು, ಅದು ಬೇರೆ ಮಾತು. ಹಳೇ ಸರ್ವರ್ ಎಂಟನೇ ಬಿಟ್ ಕತ್ತರಿಸಿದರಂತೂ ಗೀರಿನ ಎ ಎಲ್ಲ ಟಾಮ್ಲಿನ್ಸನ್‌ರ 'ಅಟ್' ಗುರುತಾಗಿ ಬಿಡುತ್ತೆ. ಅಲ್ಲಿಗೆ ಉಪಸಂಪಾದಕರೂ ಕೈಚೆಲ್ಲಬೇಕು.

ಹಾಗಾಗಿ ನಾಲ್ಕು ಸಾಲಿನ ಸುದ್ದಿಯನ್ನೂ ವರ್ಡ್ ಅಥವಾ ಪೇಜ್‌ಮೇಕರ್ ಫೈಲ್ ಮಾಡಿ ಲಗತ್ತಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿತು. ಇಂಗ್ಲಿಷ್ ಪತ್ರಿಕೆಯ ಗೆಳೆಯ ಮೇಲ್‌ನ ಒಡಲಲ್ಲೇ ಬರೆದು ಅರ್ಧ ನಿಮಿಷದಲ್ಲಿ ಕಳಿಸಿ ಚಹಾಕ್ಕೆ ಹೋಗುತ್ತಿದ್ದ, ನಾವು ಹಸಿರು ಪಟ್ಟಿ ನೋಡುತ್ತಾ ಕೂರುತ್ತಿದ್ದೆವು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಇತ್ತು. ಅದು ನಮ್ಮ ಡಿ.ಟಿ.ಪಿ. ಅಂಗಡಿಗಳ ಕೀಲಿಮಣೆಗೆ ಇಳಿಯಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಈಗ ಯೂನಿಕೋಡ್‌ನಲ್ಲಿ ಬರೆದ ಸುದ್ದಿಯನ್ನು ನೇರ ಒಡಲಿಗೆ ಹಾಕಿ. ಅಟ್ಯಾಚ್‌ಮೆಂಟ್ ಬೇಡ.

ಫೈಲ್‌ನ ಹೆಸರನ್ನು ಮಾತ್ರ ಈಗಲೂ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇಡುವುದು ಕ್ಷೇಮ. ಬೇರೆ ಭಾಷೆಯ ಹೆಸರನ್ನು ಹೇಗೆ ಬರೆಯಬೇಕು ಅನ್ನುವ ನಿಯಮ 1997ರಲ್ಲೇ ಬಂತು, ಆದರೆ ಎಲ್ಲ ತಂತ್ರಾಂಶವೂ ಅದನ್ನು ಒಂದೇ ಥರ ಪಾಲಿಸಲಿಲ್ಲ. 'ಬೆಳೆಹಾನಿ ಅರ್ಜಿ' ಅಂತ ಹೆಸರಿಟ್ಟು ಕಳಿಸಿದ್ದು ಆ ಕಡೆ ತಲೆಬುಡವಿಲ್ಲದ ಅಂಕಿಗಳ ಸಾಲಾಗಿ, ತೆರೆಯಲೂ ಬಾರದೆ ಕೂತದ್ದನ್ನು ಕಂಡಿದ್ದೇವೆ.

ಹೋಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಅಜ್ಜಿಯ ಪ್ರಶ್ನೆ ಇದೇ ತಾನೆ. ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ 'ಸೆಂಡ್' ಒತ್ತಿದ ಮೇಲ್ ಮೊದಲು ಹೋಗುವುದು ಔಟ್‌ಬಾಕ್ಸ್‌ಗೆ. ಔಟ್‌ಬಾಕ್ಸ್ ಅಂದರೆ ನಮ್ಮ ಊರಿನ ಅಂಚೆ ಡಬ್ಬಿ, ಇನ್ನೂ ಊರು ಬಿಟ್ಟಿಲ್ಲ. ಸರ್ವರ್ ಪೂರ್ತಿ ಪಡೆದುಕೊಂಡೆ ಅಂದ ಮೇಲಷ್ಟೇ ಅದು 'ಸೆಂಟ್' ಪೆಟ್ಟಿಗೆಗೆ ಸೇರುತ್ತೆ. ಕಂಪ್ಯೂಟರ್ ಸೆಂಟರ್‌ನವರು "ಕಳಿಸಿದೆ ಹೋಗ್ರಿ" ಅಂದರೆ, ಸೆಂಟ್ ಪೆಟ್ಟಿಗೆ ತೆರೆದು ತೋರಿಸ್ರಿ ಅಂತ ಕೇಳಿ. ಅಷ್ಟಕ್ಕೂ ಮುಗಿಯಲಿಲ್ಲ. ಹತ್ತು ನಿಮಿಷ ಬಿಟ್ಟು ಇನ್‌ಬಾಕ್ಸ್ ನೋಡಿ. 'ಮೇಲರ್ ಡೀಮನ್' ಹೆಸರಿನಲ್ಲಿ ಇಂಗ್ಲಿಷ್ ಮೇಲ್ ಬಂದಿದ್ದರೆ ಅದನ್ನು ಅಳಿಸಬೇಡಿ, ನಿಮ್ಮದು ತಲುಪಲಿಲ್ಲ ಅನ್ನುವ ಸುದ್ದಿ ಅದರಲ್ಲಿದೆ. ಒಳಗೆ 552 ಅಂತ ಅಂಕಿ ಇದ್ದರೆ ಬಹುಮಟ್ಟಿಗೆ ತೂಕ ಜಾಸ್ತಿ ಅಂತ, ಇಲ್ಲವೇ ಪಡೆಯುವವರ ಪೆಟ್ಟಿಗೆ ತುಂಬಿದೆ ಅಂತ.

ಅಟ್ಯಾಚ್‌ಮೆಂಟ್ ಇಲ್ಲದ ಒಂದು ಸಾಲಿನ ಮೇಲ್ ಕಳಿಸಿ ನೋಡುವುದು ನಾವು ಈಗ ಮಾಡುವ ಮೊದಲ ಪರೀಕ್ಷೆ. ಅದೂ ಹೋಗದಿದ್ದರೆ ಫೈಲ್ ಜೊತೆ ಗುದ್ದಾಡಿ ಫಲವಿಲ್ಲ, ಪಾಸ್‌ವರ್ಡ್ ಅಥವಾ ಸರ್ವರ್ ಸೆಟ್ಟಿಂಗ್ ಕೆಟ್ಟಿದೆ. 2022ರ ಮೇ ತಿಂಗಳ ಕೊನೆಗೆ ಗೂಗಲ್, ಹಳೇ ತಂತ್ರಾಂಶಗಳು ಬರೀ ಪಾಸ್‌ವರ್ಡ್ ಕೊಟ್ಟು ಒಳಬರುವುದನ್ನು ನಿಲ್ಲಿಸಿದ ಮೇಲೆ ಎಷ್ಟೋ ಅಂಗಡಿಗಳ ಮೇಲ್ ಹೀಗೆ ನಿಂತಿತ್ತು. ಸಾಲು ಹೋಗಿ ಫೈಲ್ ಮಾತ್ರ ಹೋಗದಿದ್ದರೆ ಫೋಟೊ ಕುಗ್ಗಿಸಿ, ಅಥವಾ ಒಂದು ಮೇಲ್‌ಗೆ ಒಂದೇ ಫೋಟೊ ಹಾಕಿ. ನಾಲ್ಕು ಒಟ್ಟಿಗೆ 19 ಎಂ.ಬಿ., ಬಿಡಿಬಿಡಿಯಾಗಿ ಐದಕ್ಕೂ ಕಡಿಮೆ. ಸಿಗ್ನಲ್ ಕಡಿಯುವ ಮೊದಲು ಒಂದಾದರೂ ದಾಟುತ್ತೆ. ಆ ರಾತ್ರಿ ಮುಕ್ಕಾಲು ದಾರಿ ಐದು ಸಲ ಹೋಗಿದ್ದೆವು ಅಂದರೆ, ಬಿಡಿಯಾಗಿ ಕಳಿಸಿದ್ದರೆ ಮೊದಲ ಸಲಕ್ಕೇ ಎರಡೋ ಮೂರೋ ಫೋಟೊ ಡೆಸ್ಕ್‌ಗೆ ಮುಟ್ಟಿರುತ್ತಿದ್ದವು. ಈ ಲೆಕ್ಕ ಹಾಕಿದ ದಿನ ನಮ್ಮಿಬ್ಬರಿಗೂ ಊಟ ಸೇರಲಿಲ್ಲ.

ಆ ಫೋಟೊಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕನೇ ದಿನ ಕರೆಂಟ್ ಬಂತು, ನೆಟ್ ಬಂತು. ಅಂಗಡಿಯವರು ಬೇರೇನೋ ಕೆಲಸಕ್ಕೆ ಕಂಪ್ಯೂಟರ್ ಹಚ್ಚಿ ಮೇಲ್ ತೆರೆದಿದ್ದಾರೆ. ಔಟ್‌ಬಾಕ್ಸ್‌ನಲ್ಲಿ ಕೂತಿದ್ದ ನಮ್ಮ ಮೇಲ್ ಯಾರೂ ಮುಟ್ಟದೆ ತಾನೇ ಹೊರಟು ತಲುಪಿದೆ. ಮಧ್ಯಾಹ್ನ ಡೆಸ್ಕ್‌ನಿಂದ ಫೋನ್ ಬಂತು.

"ಏನ್ರೀ ಇದು, ನೀರು ಇಳಿದ ಮೇಲೆ ಮಾಳಿಗೆ ಮೇಲಿನ ಜನರ ಫೋಟೊ ಕಳಿಸಿದ್ದೀರಲ್ಲ?"